ಯುದ್ಧನೌಕೆಯ ಕಿವಿಯೂ ಅದರ ಬಿಡಿಭಾಗಗಳೂ

ಯುದ್ಧನೌಕೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಅದರ ಫಿರಂಗಿ, ಅದರ ಕ್ಷಿಪಣಿ, ಅದರ ಬಾವುಟ. ಆದರೆ ಇಂದಿನ ಯಾವುದಾದರೊಂದು ಯುದ್ಧನೌಕೆಯ ಚಿತ್ರವನ್ನು ಗಮನವಿಟ್ಟು ನೋಡಿದರೆ, ನಡುವಣ ಎತ್ತರದ ಕಂಬದ ಮೇಲೂ ಅಕ್ಕಪಕ್ಕದ ಗೋಡೆಗಳ ಮೇಲೂ ಬೂದುಬಣ್ಣದ ಕೆಲವು ಪೆಟ್ಟಿಗೆಗಳೂ ಸಣ್ಣ ಗುಮ್ಮಟಗಳೂ ಕಾಣುವುವು. ಇವು ಗುಂಡು ಹಾರಿಸುವುದಿಲ್ಲ, ಸದ್ದು ಮಾಡುವುದಿಲ್ಲ. ಶತ್ರುವಿನ ರೇಡಾರ್ ಅಲೆಗಳನ್ನು ಆಲಿಸುವುದು, ಅವು ಯಾವ ಸಾಧನದಿಂದ ಹೊರಟವೆಂದು ಗುರುತಿಸುವುದು, ಅಗತ್ಯ ಬಿದ್ದಾಗ ಅವನ್ನು ಕಲಕಿ ಶತ್ರುವಿನ ಗುರಿ ತಪ್ಪಿಸುವುದು ಇವುಗಳ ಕೆಲಸ. ಈ ಕೆಲಸಕ್ಕೆ ಎಲೆಕ್ಟ್ರಾನಿಕ್ ಸಮರವೆಂದು ಹೆಸರು.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಇಂತಹ ಲೇಖನವೇಕೆ ಎಂದು ಕೆಲವರು ಕೇಳಬಹುದು. ಉತ್ತರ ಸರಳವಾಗಿದೆ. ಈ ಸಾಧನಗಳ ಕಥೆ ಅರ್ಧ ಭೌತಶಾಸ್ತ್ರದ್ದಾದರೆ ಇನ್ನರ್ಧ ಇತಿಹಾಸದ್ದು ಮತ್ತು ಅರ್ಥಶಾಸ್ತ್ರದ್ದು. ಸಾಧನವನ್ನು ಕೊಳ್ಳುವುದು ಒಂದು ಸಲದ ಕೆಲಸ. ಅದನ್ನು ಮೂವತ್ತು ವರ್ಷ ಬದುಕಿಸಿಕೊಂಡು ಹೋಗುವುದು ದಿನದಿನದ ಕೆಲಸ. ಈ ಎರಡನೆಯ ಕೆಲಸ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದಿಲ್ಲ. ಆದರೆ ಹಡಗಿನಲ್ಲಿರುವ ನೂರಾರು ಜನರ ಪ್ರಾಣ ನಿಂತಿರುವುದು ಅದರ ಮೇಲೆಯೇ. ಆದುದರಿಂದ ಸಾಧನ ಎಂತಹುದು ಎಂಬುದನ್ನು ಮೊದಲು ನೋಡಿ, ಬಳಿಕ ಅದರ ಬಿಡಿಭಾಗಗಳ ಪ್ರಶ್ನೆಗೆ ಬರೋಣ.

೧. ಅಲೆಗಳ ಸಮರದ ಹುಟ್ಟು

ಈ ಸಮರವು ರೇಡಾರಿಗಿಂತಲೂ ಹಳೆಯದು. ರಷ್ಯಾ ಮತ್ತು ಜಪಾನುಗಳ ನಡುವೆ ಯುದ್ಧ ನಡೆಯುತ್ತಿದ್ದ ಕಾಲ. ೧೯೦೪ರ ಏಪ್ರಿಲ್ ೧೫ರಂದು ಜಪಾನಿನ ಕಸುಗಾ ಮತ್ತು ನಿಶಿನ್ ಎಂಬ ಎರಡು ಹಡಗುಗಳು ಪೋರ್ಟ್ ಆರ್ಥರ್ ಬಂದರಿನ ಮೇಲೆ ದೂರದಿಂದ ಗುಂಡಿನ ಮಳೆಗರೆದವು. ಗುಂಡು ಎಲ್ಲಿ ಬೀಳುತ್ತಿದೆಯೆಂಬುದು ಅವುಗಳಿಗೆ ಕಾಣುತ್ತಿರಲಿಲ್ಲ; ದಡಕ್ಕೆ ಹತ್ತಿರವಿದ್ದ ಸಣ್ಣ ಹಡಗು ನಿಸ್ತಂತು ಸಂದೇಶದ ಮೂಲಕ ಅದನ್ನು ತಿಳಿಸುತ್ತಿತ್ತು. ರಷ್ಯನ್ ನೌಕೆ ಪೊಬೆದಾದಲ್ಲಿದ್ದ ಮತ್ತು ದಡದ ನಿಸ್ತಂತು ಕೇಂದ್ರದಲ್ಲಿದ್ದ ಕೆಲಸಗಾರರು ಇದನ್ನು ಅರಿತು, ತಮ್ಮ ಯಂತ್ರಗಳಿಂದ ಬರಿಯ ಗದ್ದಲವನ್ನು ಹೊರಡಿಸಿ ಆ ಸಂದೇಶಗಳನ್ನು ಮುಳುಗಿಸಿಬಿಟ್ಟರು. ಜಪಾನೀಯರ ಗುಂಡುಗಳು ಹೆಚ್ಚಿನ ಹಾನಿ ಮಾಡಲಾರದೆ ಹೋದವು. ಇಂದಿಗೂ ರಷ್ಯಾದಲ್ಲಿ ಏಪ್ರಿಲ್ ೧೫ನ್ನು ಎಲೆಕ್ಟ್ರಾನಿಕ್ ಸಮರದ ತಜ್ಞರ ದಿನವೆಂದು ಆಚರಿಸುವರು.

ಎರಡನೆಯ ಮಹಾಯುದ್ಧದಲ್ಲಿ ಈ ವಿದ್ಯೆ ಬೇಗನೆ ಬೆಳೆಯಿತು. ೧೯೪೩ರ ಆಗಸ್ಟ್ ೨೭ರಂದು ಬಿಸ್ಕೇ ಕೊಲ್ಲಿಯಲ್ಲಿ ಜರ್ಮನರು ರೇಡಿಯೋ ಮೂಲಕ ನಡೆಸುವ ತೇಲುಬಾಂಬನ್ನು ವಿಮಾನದಿಂದ ಬಿಟ್ಟು ಬ್ರಿಟನ್ನಿನ ಈಗ್ರೆಟ್ ನೌಕೆಯನ್ನು ಮುಳುಗಿಸಿದರು. ಅನಂತರ ಮಿತ್ರರಾಷ್ಟ್ರಗಳು ಆ ರೇಡಿಯೋ ಆಜ್ಞೆಗಳನ್ನು ಕಲಕುವ ಯಂತ್ರಗಳನ್ನು ಹಡಗುಗಳಿಗೆ ಅಳವಡಿಸಿದವು. ಅದೇ ವರ್ಷದ ಜುಲೈನಲ್ಲಿ ಬ್ರಿಟಿಷ್ ವಿಮಾನಗಳು ಹ್ಯಾಂಬರ್ಗ್ ನಗರದ ಮೇಲೆ ಲೋಹದ ತೆಳುಪಟ್ಟಿಗಳನ್ನು ರಾಶಿರಾಶಿಯಾಗಿ ಚೆಲ್ಲಿ ಜರ್ಮನ್ ರೇಡಾರುಗಳನ್ನು ಕುರುಡಾಗಿಸಿದ್ದವು.

ಆದರೆ ಹಡಗಿನ ಮಟ್ಟಿಗೆ ನಿಜವಾದ ತಿರುವು ೧೯೬೭ರ ಅಕ್ಟೋಬರ್ ೨೧ರಂದು ಬಂದಿತು. ಪೋರ್ಟ್ ಸೈದಿನ ಬಳಿ ಈಜಿಪ್ಟಿನ ಸಣ್ಣ ದೋಣಿಗಳು ಬಿಟ್ಟ ಸ್ಟಿಕ್ಸ್ ಕ್ಷಿಪಣಿಗಳು ಇಸ್ರೇಲಿನ ಎಯ್ಲಾತ್ ಎಂಬ ದೊಡ್ಡ ನೌಕೆಯನ್ನು ಮುಳುಗಿಸಿದವು. ೪೭ ಮಂದಿ ಸತ್ತರು. ೧೯೭೧ರ ಡಿಸೆಂಬರ್ ೪ರ ರಾತ್ರಿ ನಮ್ಮ ನೌಕಾಪಡೆಯ ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ದೋಣಿಗಳು ಅದೇ ಜಾತಿಯ ಕ್ಷಿಪಣಿಗಳಿಂದ ಕರಾಚಿಯ ಹೊರಗೆ ಪಾಕಿಸ್ತಾನದ ಖೈಬರ್ ನೌಕೆಯನ್ನು ಮುಳುಗಿಸಿದುದು ಎಲ್ಲರಿಗೂ ತಿಳಿದಿದೆ. ಸಣ್ಣ ದೋಣಿಯೂ ದೊಡ್ಡ ಹಡಗನ್ನು ಕೊಲ್ಲಬಲ್ಲದೆಂದು ಲೋಕಕ್ಕೆ ಮನವರಿಕೆಯಾಯಿತು.

ಇದಕ್ಕೆ ಮದ್ದು ಯಾವುದೆಂಬುದನ್ನು ೧೯೭೩ರ ಅಕ್ಟೋಬರ್ ತಿಂಗಳಲ್ಲಿ ಸಿರಿಯದ ಲತಾಕಿಯ ಬಂದರಿನ ಹೊರಗೆ ನಡೆದ ಕಾಳಗ ತೋರಿಸಿತು. ಸಿರಿಯದ ಸ್ಟಿಕ್ಸ್ ಕ್ಷಿಪಣಿ ಇಸ್ರೇಲಿನ ಗೇಬ್ರಿಯಲ್ ಕ್ಷಿಪಣಿಗಿಂತ ಬಹು ಹೆಚ್ಚು ದೂರ ಹೋಗಬಲ್ಲುದಾಗಿತ್ತು. ಆದರೂ ಇಸ್ರೇಲಿನ ದೋಣಿಗಳು ಅಲೆಗಳನ್ನು ಕಲಕುತ್ತ, ಲೋಹದ ಪಟ್ಟಿಗಳನ್ನು ಎರಚುತ್ತ ಮುಂದೆ ನುಗ್ಗಿದವು. ಸಿರಿಯದ ಐದು ನೌಕೆಗಳು ಮುಳುಗಿದವು. ಇಸ್ರೇಲಿನ ಒಂದೂ ಮುಳುಗಲಿಲ್ಲ. ಆರು ವರ್ಷಗಳ ಹಿಂದೆ ಹಡಗನ್ನು ಕೊಂದ ಆಯುಧವೇ ಈಗ ನೀರಿನ ಪಾಲಾಯಿತು.

೨. ಕಿವಿ, ಬಾಯಿ ಮತ್ತು ಮಾಯಾಮೃಗ

ಹಡಗಿನ ಎಲೆಕ್ಟ್ರಾನಿಕ್ ಸಮರ ವ್ಯವಸ್ಥೆಗೆ ಮೂರು ಅಂಗಗಳಿವೆ.

ಮೊದಲನೆಯದು ಕಿವಿ. ಇದು ತಾನಾಗಿ ಯಾವ ಅಲೆಯನ್ನೂ ಹೊರಗೆ ಬಿಡುವುದಿಲ್ಲ, ಕೇವಲ ಆಲಿಸುವುದು. ಕಗ್ಗತ್ತಲಲ್ಲಿ ಕಂದೀಲು ಹಿಡಿದು ಹುಡುಕಾಡುವವನಿಗೆ ಹತ್ತು ಮಾರು ದೂರದ ವಸ್ತು ಕಂಡರೆ ಹೆಚ್ಚು. ಆದರೆ ಅವನ ಕಂದೀಲು ಊರಾಚೆಯಿಂದಲೂ ಕಾಣುತ್ತದೆ. ರೇಡಾರಿನ ಪಾಡೂ ಇದೇ. ರೇಡಾರ್ ಅಲೆ ಹೋಗಿ, ತಾಗಿ, ಮರಳಿ ಬರಬೇಕು. ಮರಳಿದ ಬಲವು ದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಕುಗ್ಗುವುದು. ಕೇಳುವವನಿಗಾದರೋ ಅಲೆ ಒಂದೇ ದಿಕ್ಕಿನಲ್ಲಿ ಬಂದರೆ ಸಾಕು. ಅಲ್ಲಿ ಬಲವು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದು. ದೂರ ಇಮ್ಮಡಿಯಾದರೆ ಹುಡುಕುವವನ ಪಾಲು ಹದಿನಾರರಲ್ಲೊಂದು, ಕೇಳುವವನ ಪಾಲು ನಾಲ್ಕರಲ್ಲೊಂದು. ಆದುದರಿಂದ ಹುಡುಕುವವನು ನೋಡುವುದಕ್ಕೆ ಮೊದಲೇ ಕೇಳುವವನು ಅವನನ್ನು ಅರಿಯುವನು. ಕೇಳಿದ ಅಲೆಯ ಕಂಪನಸಂಖ್ಯೆ, ಮಿಡಿತದ ಅವಧಿ, ಮಿಡಿತಗಳ ನಡುವಣ ಅಂತರ ಇವನ್ನು ಅಳೆದು, ಕಂಪ್ಯೂಟರಿನಲ್ಲಿರುವ ಪಟ್ಟಿಯೊಡನೆ ಹೋಲಿಸಿ, ಇದು ಮೀನುಗಾರರ ದೋಣಿಯ ರೇಡಾರೋ ಕ್ಷಿಪಣಿಯ ತಲೆಯಲ್ಲಿರುವ ರೇಡಾರೋ ಎಂದು ಹೇಳುವರು.

ಎರಡನೆಯದು ಬಾಯಿ. ಶತ್ರುವಿನ ರೇಡಾರಿನ ಕಂಪನಸಂಖ್ಯೆಯಲ್ಲೇ ಬಲವಾದ ಗದ್ದಲವನ್ನು ಹೊರಡಿಸುವುದು ಒಂದು ಬಗೆ. ಅವನ ಮಿಡಿತವನ್ನೇ ಹಿಡಿದಿಟ್ಟುಕೊಂಡು ಸ್ವಲ್ಪ ತಡಮಾಡಿ ಮರಳಿಸಿ, ಹಡಗು ಇಲ್ಲದ ಕಡೆ ಇರುವಂತೆ ನಂಬಿಸುವುದು ಇನ್ನೊಂದು ಬಗೆ.

ಮೂರನೆಯದನ್ನು ಮಾಯಾಮೃಗವೆಂದು ಕರೆದರೆ ನಮ್ಮ ಓದುಗರಿಗೆ ಬೇಗ ಅರ್ಥವಾದೀತು. ಮಾರೀಚನು ಚಿನ್ನದ ಜಿಂಕೆಯಾಗಿ ರಾಮನನ್ನು ದೂರ ಸೆಳೆದಂತೆ, ಇದು ಕ್ಷಿಪಣಿಯನ್ನು ಹಡಗಿನಿಂದ ದೂರ ಸೆಳೆಯುವುದು. ಸಣ್ಣ ರಾಕೆಟ್ಟಿನಲ್ಲಿ ತುಂಬಿಟ್ಟ ಅಲ್ಯೂಮಿನಿಯಂ ಲೇಪದ ಗಾಜಿನೆಳೆಗಳು ಆಕಾಶದಲ್ಲಿ ಹರಡಿ ಮೋಡದಂತೆ ನಿಲ್ಲುವುವು. ಎಳೆಯ ಉದ್ದ ಅಲೆಯ ಉದ್ದದ ಅರ್ಧದಷ್ಟಿರಬೇಕು: ಮೂರು ಸೆಂಟಿಮೀಟರ್ ಅಲೆಗೆ ಒಂದೂವರೆ ಸೆಂಟಿಮೀಟರ್ ಎಳೆ. ಶತ್ರುವಿನ ಅಲೆಯ ಉದ್ದ ತಿಳಿಯದೆ ಕತ್ತರಿಸಿದ ಎಳೆಗಳಿಂದ ಫಲ ಕಡಮೆ. ಇಷ್ಟರಿಂದಲೇ ಮೊದಲನೆಯ ಅಂಗವಾದ ಕಿವಿಯ ಮಹತ್ತ್ವವು ಗೊತ್ತಾಗುವುದು.

ಇವೆಲ್ಲಕ್ಕೂ ದೊರೆಯುವ ಕಾಲ ಎಷ್ಟು? ಹಡಗಿನ ಆಂಟೆನಾ ೨೦ ಮೀಟರ್ ಎತ್ತರದಲ್ಲಿದ್ದು, ಕ್ಷಿಪಣಿ ಅಲೆಗಳನ್ನು ಸವರುವಂತೆ ೫ ಮೀಟರ್ ಎತ್ತರದಲ್ಲಿ ಬರುತ್ತಿದೆಯೆಂದು ಇಟ್ಟುಕೊಳ್ಳೋಣ. ಭೂಮಿಯ ಗುಂಡಾಕಾರದ ದೆಸೆಯಿಂದ ಒಂದಕ್ಕೊಂದು ಎದುರಾಗುವುದು ಸುಮಾರು ೨೮ ಕಿಲೋಮೀಟರ್ ದೂರದಲ್ಲಿ. ಕ್ಷಿಪಣಿ ಸೆಕೆಂಡಿಗೆ ೩೦೦ ಮೀಟರ್ ವೇಗದಲ್ಲಿ ಬಂದರೆ ಉಳಿಯುವ ಕಾಲ ಒಂದೂವರೆ ನಿಮಿಷ. ಕೇಳುವುದು, ಗುರುತಿಸುವುದು, ತೀರ್ಮಾನಿಸುವುದು, ಮಾಡುವುದು ಎಲ್ಲವೂ ಅಷ್ಟರೊಳಗೆ ಮುಗಿಯಬೇಕು.

೩. ಎರಡು ಹಡಗುಗಳ ಪಾಠ

೧೯೮೨ರ ಫಾಕ್‌ಲೆಂಡ್ ಯುದ್ಧದಲ್ಲಿ, ಮೇ ೪ರಂದು, ಬ್ರಿಟನ್ನಿನ ಷೆಫೀಲ್ಡ್ ನೌಕೆಗೆ ಅರ್ಜೆಂಟೀನಾದ ವಿಮಾನ ಬಿಟ್ಟ ಎಕ್ಸೊಸೆಟ್ ಕ್ಷಿಪಣಿ ತಗುಲಿ ೨೦ ಮಂದಿ ಪ್ರಾಣ ಬಿಟ್ಟರು. ಷೆಫೀಲ್ಡಿಗೆ ಕಿವಿಯಿತ್ತು. ಆದರೆ ಆ ಹೊತ್ತಿನಲ್ಲಿ ಹಡಗು ಉಪಗ್ರಹದ ಮೂಲಕ ಸಂದೇಶ ಕಳುಹಿಸುತ್ತಿದ್ದಿತು. ತನ್ನ ಮಾತಿನ ಗದ್ದಲದಲ್ಲಿ ಅದರ ಕಿವಿ ಕಿವುಡಾಗಿತ್ತು. ಹತ್ತಿರದಲ್ಲೇ ಇದ್ದ ಗ್ಲಾಸ್ಗೋ ನೌಕೆಯ ಅದೇ ಬಗೆಯ ಸಾಧನ ವಿಮಾನದ ರೇಡಾರನ್ನು ಕೇಳಿತು. ಅದು ಎಚ್ಚರಿಕೆ ಸಾರಿ, ಎಳೆಗಳ ಮೋಡವನ್ನು ಎಬ್ಬಿಸಿ ಉಳಿಯಿತು. ಷೆಫೀಲ್ಡಿನಲ್ಲಿ ಅಂತಹ ಮೋಡ ಏಳಲಿಲ್ಲ.

೧೯೮೭ರ ಮೇ ೧೭ರಂದು ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಸ್ಟಾರ್ಕ್ ನೌಕೆಗೆ ಇರಾಕಿನ ಮಿರಾಜ್ ವಿಮಾನ ಬಿಟ್ಟ ಎರಡು ಎಕ್ಸೊಸೆಟ್ಟುಗಳು ತಗುಲಿ ೩೭ ನಾವಿಕರು ಸತ್ತರು. ಅದರ ಎಲೆಕ್ಟ್ರಾನಿಕ್ ಸಾಧನ ವಿಮಾನದ ರೇಡಾರನ್ನು ಗುರುತಿಸಿತ್ತು. ಆದರೆ ಬರುತ್ತಿರುವ ಕ್ಷಿಪಣಿಯನ್ನು ಮೊದಲು ಕಂಡವನು ಕಾವಲಿಗೆ ನಿಂತಿದ್ದ ನಾವಿಕ. ಎಳೆಗಳ ರಾಕೆಟ್ಟುಗಳು ಹಾರಲಿಲ್ಲ.

ಈ ಎರಡು ಹಡಗುಗಳಲ್ಲಿಯೂ ಸಾಧನ ಇತ್ತು. ಬೇಕಾದ ನಿಮಿಷದಲ್ಲಿ ಅದರ ಪ್ರಯೋಜನ ಇರಲಿಲ್ಲ. ಸಾಧನ ಹಡಗಿನಲ್ಲಿರುವುದು ಒಂದು. ಅದು ಬೇಕಾದ ನಿಮಿಷದಲ್ಲಿ ಕೆಲಸಕ್ಕೆ ಒದಗುವುದು ಇನ್ನೊಂದು. ಇಲ್ಲಿ ಒದಗದೆ ಹೋದುದಕ್ಕೆ ಕಾರಣ ಬಳಕೆಯ ಕ್ರಮ. ಆದರೆ ಒಂದು ಭಾಗ ಕೆಟ್ಟು, ಅದಕ್ಕೆ ಬದಲಿ ಇಲ್ಲದೆ ಪೆಟ್ಟಿಗೆ ಮುಚ್ಚಿ ಕುಳಿತಿದ್ದರೂ ಫಲ ಇದೇ ಆಗುತ್ತಿತ್ತು. ಆದುದರಿಂದ ಈಗ ಪೆಟ್ಟಿಗೆಯ ಒಳಗನ್ನು ನೋಡೋಣ.

೪. ಪೆಟ್ಟಿಗೆಯ ಒಳಗೆ ಏನು ಸವೆಯುತ್ತದೆ?

ಸಮುದ್ರವು ಯಂತ್ರಗಳ ವೈರಿ. ಉಪ್ಪುಗಾಳಿ ಲೋಹವನ್ನು ತಿನ್ನುವುದು; ತೇವವು ತಂತಿಯ ಕೂಡುಗಳಲ್ಲಿ ಸೇರುವುದು; ಎಂಜಿನಿನ ಅದುರು ಬೆಸುಗೆಯನ್ನು ಸಡಿಲಿಸುವುದು. ಆಂಟೆನಾದಿಂದ ಒಳಗಿನ ಯಂತ್ರಕ್ಕೆ ಅಲೆಯನ್ನು ಒಯ್ಯುವ ಲೋಹದ ಕೊಳವೆಯಲ್ಲಿ ತೇವ ನಿಲ್ಲದಂತೆ ಒಣಗಾಳಿಯನ್ನು ಒತ್ತಡದಿಂದ ತುಂಬಿಡಬೇಕು. ಕೊಳವೆಯ ಕೂಡಿನಲ್ಲಿರುವ ಒಂದು ರಬ್ಬರ್ ಉಂಗುರ ಬಿರಿದರೂ ಒಳಗೆ ನೀರು ಸೇರಿ, ಕ್ಷೀಣವಾದ ಅಲೆ ದಾರಿಯಲ್ಲೇ ಸಾಯುವುದು. ಆಂಟೆನಾದ ಹೊರಚಿಪ್ಪಿಗೆ ಲೋಹಕಣಗಳಿರುವ ಬಣ್ಣ ಬಳಿದರೂ ಹಾಗೆಯೇ: ನೋಡಲು ಹೊಸದು, ಕೇಳಲು ಕಿವುಡು.

ಇದಕ್ಕಿಂತ ಬೆಲೆಬಾಳುವ ಭಾಗವೆಂದರೆ ಪಯಣದಲೆಯ ವಾಲ್ವ್. ಎರಡನೆಯ ಮಹಾಯುದ್ಧದ ನಡುವೆ ಬರ್ಮಿಂಗ್‌ಹ್ಯಾಮಿನಲ್ಲಿ ಇದನ್ನು ಕಂಡುಹಿಡಿದ ರುಡಾಲ್ಫ್ ಕೊಂಪ್‌ಫ್ನರ್ ಆಸ್ಟ್ರಿಯ ದೇಶದಲ್ಲಿ ಹುಟ್ಟಿದವನು. ಮೊದಲು ಕಲಿತದ್ದು ಕಟ್ಟಡಗಳ ವಾಸ್ತುವಿದ್ಯೆ. ಗಾಳಿ ತೆಗೆದ ಒಂದು ನಳಿಕೆಯ ಒಂದು ತುದಿಯಲ್ಲಿ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು ನೇರವಾಗಿ ಓಡುವುವು. ಅವುಗಳ ಸುತ್ತ ಸುರುಳಿಯಾಗಿ ಸುತ್ತಿದ ತಂತಿಯ ಮೇಲೆ ರೇಡಿಯೋ ಅಲೆ ಸಾಗುವುದು. ಸುರುಳಿಯ ಬಳಸುದಾರಿಯಿಂದಾಗಿ ಅಲೆಯ ಮುನ್ನಡೆ ನಿಧಾನವಾಗಿ, ಎಲೆಕ್ಟ್ರಾನುಗಳ ವೇಗಕ್ಕೆ ಸರಿಸಮವಾಗುವುದು. ಜೊತೆಯಾಗಿ ಸಾಗುವಾಗ ಎಲೆಕ್ಟ್ರಾನುಗಳು ತಮ್ಮ ಶಕ್ತಿಯನ್ನು ಅಲೆಗೆ ಧಾರೆಯೆರೆಯುವುವು. ಸಣ್ಣ ಅಲೆ ದೊಡ್ಡದಾಗಿ ಹೊರಬರುವುದು. ಬಹು ಅಗಲವಾದ ಕಂಪನಸಂಖ್ಯೆಗಳ ಹರವಿನಲ್ಲಿ ಇದು ಕೆಲಸ ಮಾಡಬಲ್ಲುದರಿಂದ, ಶತ್ರು ಯಾವ ಸ್ವರದಲ್ಲಿ ಹಾಡಿದರೂ ಅದೇ ಸ್ವರದಲ್ಲಿ ಎದುರು ಹಾಡಬೇಕಾದ ಈ ಸಮರಕ್ಕೆ ಇದು ಹೇಳಿಮಾಡಿಸಿದಂತಿದೆ.

ಆದರೆ ವಾಲ್ವಿಗೆ ಆಯುಸ್ಸು ಇದೆ. ಕಾದ ಲೋಹದ ಲೇಪವು ದಿನೇದಿನೇ ತೀರುತ್ತ ಹೋಗುವುದು. ಇನ್ನೂ ವಿಚಿತ್ರವೆಂದರೆ, ಉಗ್ರಾಣದಲ್ಲಿ ಸುಮ್ಮನೆ ಇಟ್ಟರೂ ಅದು ಹಾಳಾಗಬಹುದು. ಒಳಗಿನ ಲೋಹಗಳಿಂದ ಸೂಕ್ಷ್ಮವಾಗಿ ಅನಿಲ ಹೊರಬಂದು ನಿರ್ವಾತ ಕೆಡುವುದು. ಆದುದರಿಂದ ಉಗ್ರಾಣದಲ್ಲಿರುವ ವಾಲ್ವನ್ನೂ ಆಗಾಗ ಹೊರತೆಗೆದು ಮೆಲ್ಲನೆ ಕಾಯಿಸಿ ನಡೆಸಿ ನೋಡಬೇಕು. ಬಿಡಿಭಾಗವೆಂದರೆ ಕಪಾಟಿನಲ್ಲಿ ಇಟ್ಟು ಮರೆಯುವ ವಸ್ತುವಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಡ. ಹೊಸ ಸಾಧನಗಳಲ್ಲಿ ಒಂದು ದೊಡ್ಡ ವಾಲ್ವಿನ ಬದಲು ಗ್ಯಾಲಿಯಂ ನೈಟ್ರೈಡಿನಂತಹ ಅರೆವಾಹಕದ ನೂರಾರು ಚಿಕ್ಕ ವರ್ಧಕಗಳನ್ನು ಸಾಲಾಗಿ ಜೋಡಿಸುವರು. ಹತ್ತು ಕೆಟ್ಟರೂ ಉಳಿದವು ದುಡಿಯುವುದರಿಂದ ಸಾಧನದ ಬಲ ಕುಗ್ಗುವುದೇ ಹೊರತು ಅದು ನಿಂತುಹೋಗುವುದಿಲ್ಲ.

ಭಾಗ ಬದಲಿಸುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ನಾವಿಕನು ಸಮುದ್ರದ ನಡುವೆ ಬೆಸುಗೆ ಹಾಕುತ್ತ ಕೂರಲಾರ. ಯಂತ್ರ ತನ್ನನ್ನು ತಾನೇ ಪರೀಕ್ಷಿಸಿ ಕೆಟ್ಟ ಹಲಗೆ ಯಾವುದೆಂದು ತೋರಿಸುವುದು; ಅವನು ಆ ಹಲಗೆಯನ್ನು ಎಳೆದು ಹೊಸದನ್ನು ಕೂಡಿಸುವನು. ಕೆಟ್ಟದ್ದು ದಡದ ಕಾರ್ಯಾಗಾರಕ್ಕೆ, ಅಲ್ಲಿಯೂ ಆಗದಿದ್ದರೆ ಕಾರ್ಖಾನೆಗೆ ಹೋಗುವುದು. ಹಲಗೆ ಹಿಡಿಯುವ ಕೈಗೆ ನೆಲಕ್ಕೆ ಕೂಡಿಸಿದ ತಂತಿಯ ಪಟ್ಟಿ ಇರಬೇಕು. ಇಲ್ಲವಾದರೆ ಮೈಯಲ್ಲಿ ಸೇರಿದ ವಿದ್ಯುತ್ತು, ನಮ್ಮ ಅರಿವಿಗೂ ಬಾರದಷ್ಟು ಅಲ್ಪವಾದದ್ದು, ಚಿಪ್ಪನ್ನು ಸುಡಬಲ್ಲದು. ಇನ್ನು ಆಂಟೆನಾದ ಸಮೀಪದ ಭಾಗ ಬದಲಾದರೆ ಅಲೆ ಬಂದ ದಿಕ್ಕಿನ ಲೆಕ್ಕವನ್ನು ಮತ್ತೆ ಸರಿದೂಗಿಸಬೇಕು. ಹಾಗೆ ಮಾಡದಿದ್ದರೆ ಯಂತ್ರ ಕೇಳುವುದು ನಿಜ, ಆದರೆ ಉತ್ತರದ ಶತ್ರುವನ್ನು ಈಶಾನ್ಯದಲ್ಲಿ ತೋರಿಸೀತು.

೫. ಎಷ್ಟು ಬಿಡಿಭಾಗ ಬೇಕು?

ಇಲ್ಲಿ ಸ್ವಲ್ಪ ಗಣಿತ ಅನಿವಾರ್ಯ. ಆದರೆ ಅದು ಕಷ್ಟದ್ದಲ್ಲ. ಒಂದು ಭಾಗ ಸರಾಸರಿ ೨,೧೬೦ ಗಂಟೆಗೊಮ್ಮೆ ಕೆಡುವುದೆಂದೂ, ಹಡಗು ೯೦ ದಿನ, ಎಂದರೆ ಅಷ್ಟೇ ಗಂಟೆ, ಸಮುದ್ರದಲ್ಲಿರುವುದೆಂದೂ ಭಾವಿಸಿ. ಸರಾಸರಿ ಒಂದು ಸಲ ಕೆಡುವುದರಿಂದ ಒಂದು ಬಿಡಿಭಾಗ ಸಾಕೆಂದು ಯಾರಿಗಾದರೂ ತೋರುವುದು. ಆದರೆ ಆಕಸ್ಮಿಕವಾಗಿ ಕೆಡುವ ವಸ್ತುಗಳ ಲೆಕ್ಕ ಬೇರೆ. ಇಂತಹ ನೂರು ಪ್ರಯಾಣಗಳಲ್ಲಿ, ಬಿಡಿಭಾಗವೇ ಇಲ್ಲದಿದ್ದರೆ ಸುಮಾರು ೩೭ ಮಾತ್ರ ಕೊರತೆಯಿಲ್ಲದೆ ಮುಗಿಯುವುವು. ಒಂದು ಇದ್ದರೆ ೭೪, ಎರಡಿದ್ದರೆ ೯೨, ಮೂರಿದ್ದರೆ ೯೮. ಸರಾಸರಿಯನ್ನು ನಂಬಿ ಒಂದನ್ನೇ ಒಯ್ದವನು ನಾಲ್ಕು ಪ್ರಯಾಣಗಳಲ್ಲಿ ಒಂದರಲ್ಲಿ ಬರಿಗೈಯಾಗುವನು.

ಮುಂದಿನ ಹೆಜ್ಜೆ ಇನ್ನೂ ಬೆರಗು ಹುಟ್ಟಿಸುವಂತಹುದು. ಸಾಧನದಲ್ಲಿ ಇಂತಹ ೫೦ ಬಗೆಯ ಭಾಗಗಳಿದ್ದು, ಪ್ರತಿಯೊಂದಕ್ಕೂ ಮೂರು ಮೂರು ಬಿಡಿಭಾಗಗಳನ್ನಿಟ್ಟು ನೂರಕ್ಕೆ ೯೮ರ ಭರವಸೆ ಪಡೆದೆವೆನ್ನೋಣ. ಐವತ್ತರಲ್ಲಿ ಯಾವುದಕ್ಕೂ ಕೊರತೆ ಬಾರದಿರುವ ಸಂಭವ ಎಷ್ಟು? ನೂರಕ್ಕೆ ಸುಮಾರು ೩೬! ಆದುದರಿಂದಲೇ ಭಾಗಗಳ ಬಗೆಗಳನ್ನು ಕಡಮೆ ಮಾಡಿ, ಒಂದೇ ಹಲಗೆ ಹಲವು ಕಡೆ ಹೊಂದುವಂತೆ ರಚಿಸುವವನು ಜಾಣ.

ಕಾಲದ ಲೆಕ್ಕವನ್ನೂ ನೋಡಿ. ಸಾಧನ ಸರಾಸರಿ ೫೦೦ ಗಂಟೆ ದುಡಿದು ಒಮ್ಮೆ ಕೆಡುವುದು. ಭಾಗ ಕೈಯಲ್ಲಿದ್ದರೆ ೨ ಗಂಟೆಯಲ್ಲಿ ಸರಿಯಾಗುವುದು. ಆಗ ಅದು ನೂರಕ್ಕೆ ೯೯ಕ್ಕೂ ಹೆಚ್ಚು ಕಾಲ ಎಚ್ಚರವಾಗಿರುವುದು. ಭಾಗ ಬರಲು ೧೦ ದಿನ ಕಾಯಬೇಕಾದರೆ ಎಚ್ಚರದ ಕಾಲ ನೂರಕ್ಕೆ ೬೭ಕ್ಕೆ ಇಳಿಯುವುದು. ಯಂತ್ರ ಅದೇ, ನಾವಿಕ ಅವನೇ, ವಿದ್ಯೆ ಅಷ್ಟೇ; ಬದಲಾದುದು ಉಗ್ರಾಣ ಮಾತ್ರ. ಕ್ಷಿಪಣಿಯಾದರೋ ಯಾವ ದಿನ ಬರುವೆನೆಂದು ಹೇಳಿ ಬರುವುದಿಲ್ಲ.

ಲಕ್ಷಾಂತರ ಭಾಗಗಳಲ್ಲಿ ಬೇಕಾದುದನ್ನು ತಪ್ಪಿಲ್ಲದೆ ಹುಡುಕಲು ಒಂದು ಅಂತರರಾಷ್ಟ್ರೀಯ ಸಂಖ್ಯಾಕ್ರಮವಿದೆ. ನಮ್ಮ ಗ್ರಂಥಾಲಯದ ಪುಸ್ತಕಗಳಿಗೆ ವರ್ಗಸಂಖ್ಯೆ ಇರುವಂತೆ ಪ್ರತಿ ಭಾಗಕ್ಕೂ ೧೩ ಅಂಕಿಗಳ ಸಂಖ್ಯೆ. ಮೊದಲ ನಾಲ್ಕು ಅಂಕಿ ವಸ್ತುವಿನ ವರ್ಗ: ೫೮೬೫ ಎಂದರೆ ಎಲೆಕ್ಟ್ರಾನಿಕ್ ಪ್ರತಿಕ್ರಮದ ಸಾಧನ, ೫೯೬೦ ಎಂದರೆ ಎಲೆಕ್ಟ್ರಾನ್ ವಾಲ್ವ್, ೫೯೬೨ ಎಂದರೆ ಚಿಪ್ಪುಗಳು. ಮುಂದಿನ ಎರಡು ಅಂಕಿ ಅದಕ್ಕೆ ಸಂಖ್ಯೆ ಕೊಟ್ಟ ದೇಶವನ್ನು ಸೂಚಿಸುವುವು; ಭಾರತದ ಅಂಕಿ ೭೨. ಕೊನೆಯ ಏಳು ಆ ವಸ್ತುವಿನವು.

೬. ಹಡಗಿನ ಆಯುಸ್ಸು ಮತ್ತು ಚಿಪ್ಪಿನ ಆಯುಸ್ಸು

ಹಡಗು ಮೂವತ್ತು ನಾಲ್ವತ್ತು ವರ್ಷ ಬಾಳುವುದು. ಅದರೊಳಗಿನ ಚಿಪ್ಪನ್ನು ಕಾರ್ಖಾನೆ ಕೆಲವೇ ವರ್ಷ ತಯಾರಿಸಿ, ಬಳಿಕ ನಿಲ್ಲಿಸಿಬಿಡುವುದು. ಮೊದಲು ಹೀಗಿರಲಿಲ್ಲ. ೧೯೬೦ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ತಯಾರಾದ ಚಿಪ್ಪುಗಳಲ್ಲಿ ಬಹುಪಾಲನ್ನು ಕೊಳ್ಳುತ್ತಿದ್ದುದು ಸೇನೆ ಮತ್ತು ಬಾಹ್ಯಾಕಾಶ ಯೋಜನೆಗಳೇ. ಕೊಳ್ಳುವವರು ಹೇಳಿದಂತೆ ಕಾರ್ಖಾನೆ ಕೇಳುತ್ತಿತ್ತು. ಇಂದು ದೂರವಾಣಿ, ಗಣಕಯಂತ್ರ, ಮೋಟಾರು ಕಾರುಗಳು ಕೊಳ್ಳುವ ರಾಶಿಯ ಮುಂದೆ ಸೇನೆಯ ಬೇಡಿಕೆ ಒಂದು ಹಿಡಿ. ಸೊನ್ನೆಗಿಂತ ೫೫ ಡಿಗ್ರಿ ಕೆಳಗಿನಿಂದ ೧೨೫ ಡಿಗ್ರಿಯ ಕಾವಿನವರೆಗೆ ತಾಳುವ ಚಿಪ್ಪನ್ನು ಕೆಲವೇ ನೂರರಷ್ಟು ಮಾಡಿಕೊಡಲು ಯಾವ ವರ್ತಕನಿಗೆ ಆಸಕ್ತಿ?

ಅಮೆರಿಕದ ಎಸ್‌ಎಲ್‌ಕ್ಯೂ-೩೨ ಎಂಬ ಸಾಧನದ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಹೆಸರಿನಲ್ಲೇ ಅರ್ಥವಿದೆ: ಎಸ್ ಎಂದರೆ ಹಡಗು, ಎಲ್ ಎಂದರೆ ಪ್ರತಿಕ್ರಮ, ಕ್ಯೂ ಎಂದರೆ ವಿಶೇಷ ಅಥವಾ ಸಂಯುಕ್ತ ಉದ್ದೇಶ. ರೇಥಿಯಾನ್ ಕಂಪನಿ ಅದನ್ನು ೧೯೭೦ರ ದಶಕದಲ್ಲಿ ರಚಿಸಿತು. ಅದರ ಬದಲಿಗೆ ಪೂರ್ತಿ ಹೊಸದೊಂದನ್ನು ತರುವ ಯೋಜನೆ ೨೦೦೨ರಲ್ಲಿ ರದ್ದಾಯಿತು. ಆಗ ಅವರು ಹಳೆಯದನ್ನೇ ಕಂತುಕಂತಾಗಿ ಹೊಸತು ಮಾಡುವ ದಾರಿ ಹಿಡಿದರು. ಮೊದಲ ಕಂತಿನಲ್ಲಿ ಹಳೆಯ ಕಂಪ್ಯೂಟರೂ ನಾವಿಕನ ಮುಂದಿನ ತೆರೆಯೂ ಬದಲಾದವು. ಎರಡನೆಯದರಲ್ಲಿ ಆಂಟೆನಾ ಮತ್ತು ಕೇಳುವ ಯಂತ್ರ. ಮೂರನೆಯದರಲ್ಲಿ ಕಲಕುವ ಯಂತ್ರ. ಹಳೆಯ ದೇವಸ್ಥಾನದ ಕಂಬಗಳನ್ನು ಪೂಜೆ ನಿಲ್ಲಿಸದೆ ಒಂದೊಂದಾಗಿ ಬದಲಿಸಿದಂತೆ ಈ ಕೆಲಸ. ಹೆಸರು ಮಾತ್ರ ಅದೇ ಉಳಿಯಿತು.

ತಯಾರಿಕೆ ನಿಲ್ಲುವ ಭಾಗಕ್ಕೆ ಮೂರು ದಾರಿಗಳಿವೆ. ಕಾರ್ಖಾನೆ ಮುಂಚಿತವಾಗಿ ತಿಳಿಸಿದರೆ ಉಳಿದ ಆಯುಸ್ಸಿಗೆಲ್ಲ ಬೇಕಾದಷ್ಟನ್ನು ಒಮ್ಮೆಗೇ ಕೊಂಡಿಡುವುದು. ಆಕಾರದಲ್ಲಿ, ಕೂಡಿಕೆಯಲ್ಲಿ, ಕೆಲಸದಲ್ಲಿ ಹಳೆಯದನ್ನು ಹೋಲುವ ಹೊಸದನ್ನು ರಚಿಸುವುದು. ಇಲ್ಲವೇ ಮಾರುಕಟ್ಟೆಯಲ್ಲಿ ಉಳಿದಿರಬಹುದಾದುದನ್ನು ಹುಡುಕುವುದು. ಮೊದಲನೆಯದಕ್ಕೆ ಹಣ ಬೇಕು, ಎರಡನೆಯದಕ್ಕೆ ವಿದ್ಯೆ ಬೇಕು, ಮೂರನೆಯದಕ್ಕೆ ಎರಡೂ ಬೇಡ. ಆದುದರಿಂದಲೇ ಅಪಾಯವಿರುವುದು ಅಲ್ಲಿ.

೭. ನಕಲಿ ಭಾಗಗಳು

ಎಸೆದ ಗಣಕಯಂತ್ರಗಳ ಹಲಗೆಗಳನ್ನು ಬೆಂಕಿಯ ಮೇಲೆ ಕಾಯಿಸಿ ಚಿಪ್ಪುಗಳನ್ನು ಕಿತ್ತು, ಮೇಲಿನ ಅಕ್ಷರಗಳನ್ನು ಉಜ್ಜಿ ಅಳಿಸಿ, ಕಪ್ಪು ಲೇಪ ಕೊಟ್ಟು, ಬೇರೆ ಸಂಖ್ಯೆ, ಬೇರೆ ತಾರೀಖು ಬರೆದು ಹೊಸದೆಂದು ಮಾರುವ ದಂಧೆಯೊಂದಿದೆ. ಅಮೆರಿಕದ ಸೆನೆಟ್ಟಿನ ಸೇನಾ ಸಮಿತಿ ೨೦೧೨ರ ಮೇ ತಿಂಗಳಲ್ಲಿ ಪ್ರಕಟಿಸಿದ ವರದಿಯಲ್ಲಿ, ೨೦೦೯ ಮತ್ತು ೨೦೧೦ರ ಅವಧಿಯಲ್ಲಿ ಇಂತಹ ಸುಮಾರು ೧,೮೦೦ ಪ್ರಕರಣಗಳು ಕಂಡುಬಂದವೆಂದೂ, ಅನುಮಾನಾಸ್ಪದ ಭಾಗಗಳ ಒಟ್ಟು ಸಂಖ್ಯೆ ೧೦ ಲಕ್ಷಕ್ಕೂ ಮಿಕ್ಕಿತ್ತೆಂದೂ ಹೇಳಿದೆ. ನಕಲಿ ಚಿಪ್ಪು ಮೊದಲ ದಿನವೇ ಕೈಕೊಟ್ಟರೆ ಒಳ್ಳೆಯದು, ಸಿಕ್ಕಿಬೀಳುವುದು. ಮೇಜಿನ ಮೇಲೆ ನಡೆದು, ಸೆಖೆಯಲ್ಲಿ ಅದುರಿನಲ್ಲಿ ನಿಲ್ಲುವುದೇ ಅದರ ಕೆಟ್ಟ ಗುಣ. ದ್ರಾವಕದಿಂದ ಒರೆಸುವುದು, ಎಕ್ಸ್-ಕಿರಣ ಹಾಯಿಸುವುದು, ಮಾದರಿಯೊಂದನ್ನು ಬಿಚ್ಚಿ ಒಳಗಿನ ಗುರುತು ನೋಡುವುದು ಇದಕ್ಕೆ ಪರೀಕ್ಷೆಗಳು. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಒಂದು ಚಿಪ್ಪು ಕೋಟಿ ಕೋಟಿ ಬೆಲೆಯ ಹಡಗನ್ನು ಕಿವುಡಾಗಿಸಬಲ್ಲದು.

೮. ನಮ್ಮ ದೇಶದಲ್ಲಿ

ಪರರ ಉಗ್ರಾಣವ ನಂಬಿದರೆ ಏನಾಗುವುದೆಂಬುದನ್ನು ನಮ್ಮ ದೇಶ ಅನುಭವದಿಂದಲೇ ಕಲಿತಿದೆ. ೧೯೯೧ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅಲ್ಲಿಂದ ಬಂದ ಹಡಗುಗಳ ಬಿಡಿಭಾಗಗಳಿಗೆ ನಮ್ಮ ನೌಕಾಪಡೆ ಪರದಾಡಬೇಕಾಯಿತು. ಒಂದೇ ದೇಶದಲ್ಲಿದ್ದ ಕಾರ್ಖಾನೆಗಳು ಹಲವು ದೇಶಗಳಿಗೆ ಹಂಚಿಹೋಗಿದ್ದವು. ೧೯೯೮ರ ಅಣುಪರೀಕ್ಷೆಯ ಬಳಿಕ ಅಮೆರಿಕ ನಿರ್ಬಂಧ ಹೇರಿದಾಗ, ಬ್ರಿಟನ್ನಿನಿಂದ ಕೊಂಡಿದ್ದ ಸೀಕಿಂಗ್ ಹೆಲಿಕಾಪ್ಟರುಗಳಿಗೆ ಬಿಡಿಭಾಗ ಬಾರದೆ ಹಲವು ನೆಲಬಿಟ್ಟು ಏಳದಾದವು. ಏಕೆಂದರೆ ಅವುಗಳೊಳಗೆ ಅಮೆರಿಕದ ಭಾಗಗಳಿದ್ದವು. ಮಾರಿದವನು ಒಬ್ಬ, ಕೀಲು ಇದ್ದುದು ಇನ್ನೊಬ್ಬನ ಕೈಯಲ್ಲಿ.

ಇಲ್ಲಿ ಕನ್ನಡನಾಡಿಗೂ ಒಂದು ಸ್ಥಾನವಿದೆ. ೧೯೫೪ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ, ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ಸಹಕಾರದಿಂದ, ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಆರಂಭವಾಯಿತು. ಅದರ ಆವರಣದಲ್ಲೇ ೧೯೮೪ರಲ್ಲಿ ಸ್ಥಾಪಿತವಾದ ಸೂಕ್ಷ್ಮತರಂಗ ವಾಲ್ವುಗಳ ಸಂಶೋಧನ ಕೇಂದ್ರವು ಮೇಲೆ ವರ್ಣಿಸಿದ ಪಯಣದಲೆಯ ವಾಲ್ವುಗಳನ್ನು ನಮ್ಮಲ್ಲೇ ರಚಿಸುವ ಕೆಲಸದಲ್ಲಿ ತೊಡಗಿದೆ. ಹೈದರಾಬಾದಿನ ರಕ್ಷಣಾ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯ ರೂಪಿಸಿದ ಶಕ್ತಿ ಎಂಬ ಹಡಗಿನ ಎಲೆಕ್ಟ್ರಾನಿಕ್ ಸಮರ ವ್ಯವಸ್ಥೆಯನ್ನು ೨೦೨೧ರ ನವೆಂಬರ್ ೧೯ರಂದು ನೌಕಾಪಡೆಗೆ ಒಪ್ಪಿಸಲಾಯಿತು. ಮೊದಲನೆಯದನ್ನು ವಿಶಾಖಪಟ್ಟಣಂ ನೌಕೆಯಲ್ಲಿ ಅಳವಡಿಸಿದರು. ೧,೮೦೫ ಕೋಟಿ ರೂಪಾಯಿ ಅಂದಾಜಿನಲ್ಲಿ ಇಂತಹ ೧೨ ವ್ಯವಸ್ಥೆಗಳನ್ನು ತಯಾರಿಸುವ ಹೊಣೆ ಭಾರತ್ ಎಲೆಕ್ಟ್ರಾನಿಕ್ಸಿನದಾಯಿತು. ಐವತ್ತಕ್ಕೂ ಹೆಚ್ಚು ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳು ಅದಕ್ಕೆ ಕೈಜೋಡಿಸಿದವು. ರಾಜಸ್ಥಾನದ ಜೋಧಪುರದ ರಕ್ಷಣಾ ಪ್ರಯೋಗಾಲಯವು ಅದೇ ವರ್ಷ ಹತ್ತಿರದ, ನಡುದೂರದ ಮತ್ತು ಬಹುದೂರದ ಮೂರು ಬಗೆಯ ಎಳೆರಾಕೆಟ್ಟುಗಳನ್ನು ಸಿದ್ಧಪಡಿಸಿತು. ನಮ್ಮ ಕರಾವಳಿಯ ಕಾರವಾರದಲ್ಲಿ ೨೦೦೫ರಲ್ಲಿ ಆರಂಭವಾದ ಕದಂಬ ನೌಕಾನೆಲೆಯಲ್ಲಿ ಹಡಗುಗಳ ದುರಸ್ತಿಯ ಕಟ್ಟೆಯೂ ಇದೆ.

ಐವತ್ತು ಸಣ್ಣ ಕಾರ್ಖಾನೆಗಳೆಂಬ ಮಾತನ್ನು ಓದುಗರು ಗಮನಿಸಬೇಕು. ಇಂತಹ ಒಂದೊಂದು ಕಾರ್ಖಾನೆಯೂ ಸರಪಳಿಯ ಒಂದು ಕೊಂಡಿ. ಅವುಗಳಲ್ಲೊಂದು ಮುಚ್ಚಿದರೆ, ಹತ್ತು ವರ್ಷಗಳ ಬಳಿಕ ಯಾವುದೋ ಹಡಗಿನಲ್ಲಿ ಒಂದು ಪೆಟ್ಟಿಗೆ ಬದಲಿ ಭಾಗಕ್ಕಾಗಿ ಕಾಯುತ್ತ ಕೂರಬೇಕಾದೀತು. ಸ್ವದೇಶೀ ಸಾಧನವೆಂದು ಹೆಮ್ಮೆ ಪಡುವಾಗ ಅದರೊಳಗಿನ ಚಿಪ್ಪು ಎಲ್ಲಿಯದು, ಅದರ ಬದಲಿ ಇಪ್ಪತ್ತು ವರ್ಷದ ಮೇಲೆ ಎಲ್ಲಿ ಸಿಗುವುದು ಎಂಬ ಪ್ರಶ್ನೆಯನ್ನೂ ಕೇಳುವುದು ವಿವೇಕ.

ಉಪಸಂಹಾರ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ನಮ್ಮಲ್ಲಿ ಹಳೆಯದು. ಬಿಡಿಭಾಗವೆಂದರೆ ಮೊದಲೇ ತೋಡಿದ ಬಾವಿ. ಬೆಂಕಿ ಬೀಳದೆ ವರ್ಷಗಳು ಕಳೆದರೆ ಆ ಬಾವಿಗೆ ಹಾಕಿದ ಹಣ ದಂಡವೆಂದು ಲೆಕ್ಕಪತ್ರ ನೋಡುವವರಿಗೆ ತೋರುವುದು ಸಹಜ. ಆಯವ್ಯಯವನ್ನು ಮೊಟಕು ಮಾಡುವಾಗ ಮೊದಲ ಕತ್ತರಿ ಬೀಳುವುದೂ ಇಂತಹ ಕಾಣದ ಬಾಬುಗಳ ಮೇಲೆಯೇ. ಹೊಸ ಹಡಗಿಗೆ ಬಾವುಟ ಹಾರಿಸುವ ಸಮಾರಂಭವಿದೆ. ಉಗ್ರಾಣದ ಕಪಾಟಿಗೆ ಸಮಾರಂಭವಿಲ್ಲ.

ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಎಂಜಿನಿಯರರಾಗುವವರು ವಿರಳವಿರಬಹುದು. ಆದರೆ ನಾಳೆ ಕಚೇರಿಗಳಲ್ಲಿ ಕುಳಿತು ಖರ್ಚಿನ ಕಡತಗಳ ಮೇಲೆ ಟಿಪ್ಪಣಿ ಬರೆಯುವವರು, ಪತ್ರಿಕೆಗಳಲ್ಲಿ ಲೇಖನ ಬರೆಯುವವರು, ಮತ ಹಾಕುವವರು ನೀವೇ. ಹೊಸ ಸಾಧನ ಬಂತೆಂಬ ಸುದ್ದಿ ಓದಿದಾಗ ಸಂತೋಷಪಡಿ. ಆದರೆ ಜೊತೆಗೆ, ಇದರ ಬಿಡಿಭಾಗಕ್ಕೆ ಏನು ಏರ್ಪಾಡಾಗಿದೆ ಎಂದು ಕೇಳುವ ಅಭ್ಯಾಸವನ್ನೂ ಬೆಳೆಸಿಕೊಳ್ಳಿ. ಸಮುದ್ರದ ನಡುವೆ, ಕತ್ತಲೆಯ ಕೋಣೆಯಲ್ಲಿ, ಹಸುರು ತೆರೆಯ ಮುಂದೆ ಎಚ್ಚರವಾಗಿ ಕುಳಿತಿರುವ ಆ ನಾವಿಕನಿಗೆ ಒಂದೂವರೆ ನಿಮಿಷ ದೊರೆಯುವುದೋ ಇಲ್ಲವೋ ಎಂಬುದು ಹಲವು ವರ್ಷಗಳ ಹಿಂದೆ ದಡದಲ್ಲಿ ಕೇಳಿದ ಅಥವಾ ಕೇಳದೆ ಬಿಟ್ಟ ಆ ಪ್ರಶ್ನೆಯನ್ನೇ ಅವಲಂಬಿಸಿದೆ.